ನೀರಿನ ಲೈನ್, ಮೋರಿ ಪೈಪು, ಮುಳ್ಳುಗಿಡ: ಒಣಭೂಮಿಯ ಮನೆಗೆ ದೋಷ ನಿವಾರಣೆ ಕೈಪಿಡಿ

ಮಳೆ ಕಡಿಮೆ ಬೀಳುವ ಕಡೆ ಮನೆಯ ಸುತ್ತ ಬೇಡವೆಂದರೂ ಬೆಳೆಯುವುದು ಜಾಲಿ, ಪಾಪಾಸುಕಳ್ಳಿ, ಕತ್ತಾಳೆ, ಹಾಲುಗಳ್ಳಿ. ನೀರಿನ ಪೈಪು, ಕೊಳಚೆ ಪೈಪು ಹಾದುಹೋಗುವುದೂ ಇವುಗಳ ಬುಡದಲ್ಲೇ. ಹಾಗಾಗಿ ಇಲ್ಲಿ ಪ್ಲಂಬಿಂಗ್ ಅಂದರೆ ಅರ್ಧ ಸ್ಪ್ಯಾನರ್ ಕೆಲಸ, ಅರ್ಧ ಮುಳ್ಳಿನ ಕೆಲಸ.

ಪೈಪ್ ಕೆಟ್ಟರೆ ತಪ್ಪು ಹೊರಿಸುವುದು ಸಾಮಾನ್ಯವಾಗಿ ಗಿಡದ ಮೇಲೆ. ಆದರೆ ಗಟ್ಟಿಯಾಗಿರುವ ಪೈಪನ್ನು ಬೇರು ಒಡೆದು ಒಳನುಗ್ಗುವುದು ಅಪರೂಪ. ಮೊದಲು ಜಾಯಿಂಟ್ ಸಡಿಲಾಗುತ್ತದೆ, ತೇವ ಹೊರಗೆ ಬರುತ್ತದೆ, ಆ ತೇವದ ಜಾಡು ಹಿಡಿದು ಬೇರು ಬರುತ್ತದೆ. ಗಿಡ ಕಡಿದು ಜಾಯಿಂಟನ್ನು ಹಾಗೇ ಬಿಟ್ಟರೆ ಇನ್ನೊಂದು ಗಿಡದ ಬೇರು ಅದೇ ಜಾಗಕ್ಕೆ ಬರುತ್ತದೆ. ಆದ್ದರಿಂದ ಮೊದಲು ದೋಷ ಎಲ್ಲಿದೆ ಎಂದು ಕಂಡುಹಿಡಿಯಿರಿ, ಆಮೇಲೆ ಮಚ್ಚು ಹಿಡಿಯಿರಿ. ಅಗೆಯುವುದು ಯಾವತ್ತಿಗೂ ಕೊನೆಯ ಕೆಲಸ.

ಶುರುಮಾಡುವ ಮುಂಚೆ ಮೇನ್ ವಾಲ್ವ್ ಎಲ್ಲಿದೆ, ಅದು ತಿರುಗುತ್ತದೆಯೇ ನೋಡಿಕೊಳ್ಳಿ. ಬಾಲ್ ವಾಲ್ವ್ ಆದರೆ ಹಿಡಿಕೆ ಪೈಪಿಗೆ ಅಡ್ಡಲಾಗಿದ್ದಾಗ ಬಂದ್. ಹಳೆಯ ಗೇಟ್ ವಾಲ್ವ್ ಬಿಗಿದುಕೊಂಡಿದ್ದರೆ ರೆಂಚ್ ಹಾಕಿ ಬಲವಂತ ಮಾಡಬೇಡಿ, ಸ್ಪಿಂಡಲ್ ಮುರಿದರೆ ನೀರು ನಿಲ್ಲಿಸಲು ಬೇರೆ ದಾರಿ ಇರುವುದಿಲ್ಲ. ನೀರು ನಿಲ್ಲಿಸುವಾಗ ಗೀಸರ್ ಮತ್ತು ಮೋಟಾರಿನ ಸ್ವಿಚ್ಚನ್ನೂ ಆಫ್ ಮಾಡಿ. ನೀರಿಲ್ಲದೆ ಕಾದರೆ ಗೀಸರಿನ ಕಾಯಿಲ್ ಸುಟ್ಟುಹೋಗುತ್ತದೆ.

ಲಕ್ಷಣ: ಎಲ್ಲ ನಲ್ಲಿ ಮುಚ್ಚಿದ್ದರೂ ನೀರು ಖಾಲಿಯಾಗುತ್ತಿದೆ

ಇದಕ್ಕೆ ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದೆ. ಓವರ್‌ಹೆಡ್ ಟ್ಯಾಂಕ್ ಪೂರ್ತಿ ತುಂಬಿ ಅದರ ಫ್ಲೋಟ್ ವಾಲ್ವ್ ಮುಚ್ಚಿಕೊಳ್ಳುವವರೆಗೆ ಕಾಯಿರಿ. ಈ ಹೆಜ್ಜೆ ಬಿಟ್ಟರೆ ಟ್ಯಾಂಕ್ ತುಂಬುವ ನೀರನ್ನೇ ಸೋರಿಕೆ ಎಂದುಕೊಳ್ಳುತ್ತೀರಿ. ಆಮೇಲೆ ಎಲ್ಲ ನಲ್ಲಿಯನ್ನೂ ಟ್ಯಾಂಕಿನಿಂದ ಹೊರಹೋಗುವ ವಾಲ್ವನ್ನೂ ಮುಚ್ಚಿ, ಮೀಟರ್ ಓದು ಬರೆದುಕೊಂಡು ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಮೀಟರಿನ ಮುಖದಲ್ಲಿರುವ ಪುಟ್ಟ ಚಕ್ರ ಅಥವಾ ಕೆಂಪು ತ್ರಿಕೋನ ಸಣ್ಣ ಹರಿವಿಗೂ ತಿರುಗುತ್ತದೆ. ಅದು ತಿರುಗುತ್ತಿದ್ದರೆ ಮೀಟರಿಗೂ ಟ್ಯಾಂಕಿಗೂ ನಡುವೆ ಸೋರಿಕೆ ಇದೆ, ಇಲ್ಲವೇ ಫ್ಲೋಟ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ.

ಮೀಟರ್ ನಿಂತಿದ್ದೂ ನೀರು ಹೋಗುತ್ತಿದ್ದರೆ ದೋಷ ಟ್ಯಾಂಕಿನಲ್ಲೋ ಅದರಿಂದ ಈಚೆಗೋ ಇದೆ. ರಾತ್ರಿ ಟ್ಯಾಂಕಿಗೆ ಬರುವ ನೀರನ್ನು ನಿಲ್ಲಿಸಿ, ಹೊರಹೋಗುವ ವಾಲ್ವ್ ಮುಚ್ಚಿ, ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿ. ಬೆಳಗ್ಗೆ ಮಟ್ಟ ಇಳಿದಿದ್ದರೆ ಟ್ಯಾಂಕೇ ಅಥವಾ ಅದರ ಬುಡದ ಫಿಟ್ಟಿಂಗ್ ಸೋರುತ್ತಿದೆ. ಮಾರನೆ ರಾತ್ರಿ ವಾಲ್ವ್ ತೆರೆದಿಟ್ಟು ಇದನ್ನೇ ಮಾಡಿ. ಆಗ ಮಾತ್ರ ಇಳಿದರೆ ಮನೆಯೊಳಗಿನ ಲೈನಿನಲ್ಲಿ ದೋಷ. 1.1 ಮೀಟರ್ ವ್ಯಾಸದ ದುಂಡು ಟ್ಯಾಂಕಿನಲ್ಲಿ ಒಂದು ಸೆಂ.ಮೀ. ಇಳಿತ ಅಂದರೆ ಸುಮಾರು 9.5 ಲೀಟರ್.

ಮನೆಯೊಳಗಿನ ಸೋರಿಕೆಯಲ್ಲಿ ಕಣ್ಣಿಗೆ ಬೀಳದ ಕಳ್ಳ ಅಂದರೆ ಫ್ಲಶ್ ಟ್ಯಾಂಕ್. ಅದರ ನೀರಿಗೆ ಅಡುಗೆ ಬಣ್ಣದ ನಾಲ್ಕೈದು ಹನಿ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಅಡಿಯ ರಬ್ಬರ್ ಸೀಲ್ ಕೂರುತ್ತಿಲ್ಲ. ಮೊದಲು ರಬ್ಬರನ್ನೂ ಅದು ಕೂರುವ ಅಂಚನ್ನೂ ಒರೆಸಿ ಸುಣ್ಣದ ಪದರ ತೆಗೆಯಿರಿ, ಬಹಳ ಸಲ ಅಷ್ಟೇ ಸಾಕಾಗುತ್ತದೆ. ರಬ್ಬರ್ ಗಟ್ಟಿಯಾಗಿದ್ದರೆ ಅಥವಾ ಸೊಟ್ಟಗಾಗಿದ್ದರೆ ಬದಲಿಸಿ. ನೀರು ಓವರ್‌ಫ್ಲೋ ಕೊಳವೆಯ ಬಾಯಿಂದ ಇಳಿಯುತ್ತಿದ್ದರೆ ಸೀಲಿನ ತಪ್ಪಲ್ಲ; ನೀರು ಕೊಳವೆಯ ಬಾಯಿಗಿಂತ 2–3 ಸೆಂ.ಮೀ. ಕೆಳಗೆ ನಿಲ್ಲುವಂತೆ ಫ್ಲೋಟನ್ನು ತಗ್ಗಿಸಿ.

ಲಕ್ಷಣ: ನಲ್ಲಿ ತೊಟ್ಟಿಕ್ಕುತ್ತಿದೆ

ಸೆಕೆಂಡಿಗೆ ಒಂದು ಹನಿಯಂತೆ ಬಿದ್ದರೂ ದಿನಕ್ಕೆ 20–30 ಲೀಟರ್ ಹೋಗುತ್ತದೆ. ಹನಿ ಎಲ್ಲಿಂದ ಬರುತ್ತಿದೆ ಎನ್ನುವುದೇ ಉತ್ತರ. ಮೂತಿಯಿಂದ ಬಿದ್ದರೆ ವಾಷರ್ ಸವೆದಿದೆ, ಕಾಲು ಸುತ್ತಿನ ನಲ್ಲಿಯಾದರೆ ಒಳಗಿನ ಸೆರಾಮಿಕ್ ಕಾರ್ಟ್ರಿಜ್ ಹೋಗಿದೆ. ಹಿಡಿಕೆಯ ಕತ್ತಿನಿಂದ ಒಸರಿದರೆ ಗ್ಲ್ಯಾಂಡ್ ನಟ್ಟನ್ನು (ಹಿಡಿಕೆಯ ಬುಡದ ನಟ್ಟು) ಎಂಟನೇ ಒಂದು ಸುತ್ತು ಬಿಗಿ ಮಾಡಿ, ನಿಲ್ಲದಿದ್ದರೆ ಒಳಗಿನ ಓ-ರಿಂಗ್ ಬದಲಿಸಿ. ಹೊಸ ವಾಷರ್ ಹಾಕಿದರೂ ಹನಿ ನಿಲ್ಲದಿದ್ದರೆ ವಾಷರ್ ಕೂರುವ ಹಿತ್ತಾಳೆ ಸೀಟಿಗೆ ಗೀರು ಬಿದ್ದಿದೆ ಎಂದರ್ಥ. ಆಗ ಇನ್ನಷ್ಟು ಬಿಗಿಯಾಗಿ ತಿರುಗಿಸುತ್ತಾ ಹೋದರೆ ಹೊಸ ವಾಷರೂ ಹಾಳು. ನಲ್ಲಿಯನ್ನೇ ಬದಲಿಸುವುದು ಮೇಲು. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತುವಾಗ ಥ್ರೆಡ್ಡಿನ ತುದಿ ನಿಮ್ಮ ಕಡೆ ಇರಲಿ, ಗಡಿಯಾರದ ಮುಳ್ಳು ಸುತ್ತುವ ದಿಕ್ಕಿಗೆ 6–8 ಸುತ್ತು ಹಾಕಿ. ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಟೇಪ್ ಬಿಚ್ಚಿಕೊಳ್ಳುತ್ತದೆ.

ಲಕ್ಷಣ: ನೀರಿನ ರಭಸ ಇಳಿದಿದೆ

ಒಂದೇ ನಲ್ಲಿಯಲ್ಲಾದರೆ ಮೂತಿಯ ಜಾಲರಿ ಬಿಚ್ಚಿ ವಿನೆಗರಿನಲ್ಲಿ ಒಂದು ಗಂಟೆ ನೆನೆಸಿ, ಹಳೆಯ ಬ್ರಷ್ಷಿನಿಂದ ಉಜ್ಜಿ. ಗಡಸು ನೀರಿನ ಕಡೆ ಇದೇ ದೊಡ್ಡ ಕಾರಣ. ಬಿಸಿನೀರು ಮಾತ್ರ ಸಣ್ಣಗೆ ಬಂದರೆ ಗೀಸರಿನ ಒಳಹರಿವಿನ ವಾಲ್ವಿನಲ್ಲಿ ಸುಣ್ಣ ಕಟ್ಟಿದೆ. ಟ್ಯಾಂಕ್ ಖಾಲಿಯಾಗಿ ಮತ್ತೆ ತುಂಬಿದ ಮೇಲೆ ಎಲ್ಲ ಕಡೆ ನೀರು ನಿಂತಿದ್ದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ; ಎಲ್ಲಕ್ಕಿಂತ ತಗ್ಗಿನ ನಲ್ಲಿಯನ್ನು ಪೂರ್ತಿ ತೆರೆದಿಡಿ, ಕೆಮ್ಮಿ ಕೆಮ್ಮಿ ಗಾಳಿ ಹೊರಬರುತ್ತದೆ.

ಕೆಲವೊಮ್ಮೆ ದೋಷವೇ ಇರುವುದಿಲ್ಲ. ಟ್ಯಾಂಕಿನ ನೀರು ಶವರಿಗಿಂತ 3 ಮೀಟರ್ ಮೇಲಿದ್ದರೆ ಸಿಗುವ ಒತ್ತಡ ಸುಮಾರು 0.3 ಬಾರ್, ಅಷ್ಟೇ. ಶವರ್ ಬದಲಿಸಿ ಫಲವಿಲ್ಲ. ಆದರೆ ನಿನ್ನೆಯವರೆಗೆ ಚೆನ್ನಾಗಿದ್ದ ರಭಸ ಇವತ್ತು ಇದ್ದಕ್ಕಿದ್ದಂತೆ ಇಳಿದು, ಮೀಟರೂ ತಿರುಗುತ್ತಿದ್ದರೆ ಅಂಗಳಕ್ಕೆ ಹೋಗಿ ನೆಲ ನೋಡಬೇಕು.

ಲಕ್ಷಣ: ಒಣ ಅಂಗಳದಲ್ಲಿ ಒಂದೇ ಕಡೆ ಹಸಿರು, ಅಥವಾ ಕಳ್ಳಿಯ ಬುಡ ಮೆತ್ತಗಾಗಿದೆ

ಒಣನೆಲದ ಗಿಡಗಳು ಸೋರಿಕೆಯನ್ನು ಬಚ್ಚಿಡುವುದಿಲ್ಲ. ಯಾವ ಗಿಡದ ಮಾತು ನಂಬಬೇಕು ಎಂಬುದಷ್ಟೇ ತಿಳಿದಿರಬೇಕು.

ಜಾಲಿಯ ಮಾತು ನಂಬಬೇಡಿ. ಪ್ರೊಸೋಪಿಸ್ ಕುಲದ (ಬಳ್ಳಾರಿ ಜಾಲಿಯಂಥ) ಜಾಲಿಗಳ ಬೇರು ತೀರಾ ಆಳಕ್ಕೆ ಇಳಿಯುತ್ತದೆ. ಅಮೆರಿಕದ ಅರಿಜೋನಾದಲ್ಲಿ ಟಕ್ಸನ್ ಬಳಿಯ ತೆರೆದ ಗಣಿಯೊಂದರಲ್ಲಿ 53 ಮೀಟರ್ ಆಳದಲ್ಲಿ ಅದರ ಬೇರು ಸಿಕ್ಕಿದೆ. ಕಡುಬೇಸಿಗೆಯಲ್ಲಿ ಜಾಲಿ ಹಸಿರಾಗಿದ್ದರೆ ಅದಕ್ಕೆ ನಿಮ್ಮ ಪೈಪೇ ಕಾರಣ ಎನ್ನುವಂತಿಲ್ಲ. ಹುಲ್ಲು, ಎಳೆಯ ಕಳೆಗಿಡಗಳಂಥ ಮೇಲ್ಬೇರಿನವು ಸುತ್ತಲೂ ಒಣಗಿ ಒಂದು ಪಟ್ಟೆಯಲ್ಲಿ ಮಾತ್ರ ನಳನಳಿಸುತ್ತಿದ್ದರೆ ಅದು ಸಾಕ್ಷಿ.

ಕಳ್ಳಿಗಳ ಬೇರು ಇದಕ್ಕೆ ತದ್ವಿರುದ್ಧ: ಆಳ ಕಡಿಮೆ, ಹರವು ಹೆಚ್ಚು. ಮೇಲ್ಮಣ್ಣು ಸದಾ ಒದ್ದೆಯಿದ್ದರೆ ಅವು ಬೇಗ ಹೇಳಿಬಿಡುತ್ತವೆ. ಕಂಬದಂಥ ಕಳ್ಳಿಯ ಕಾಂಡ ಉದ್ದಕ್ಕೆ ಸೀಳಿದ್ದರೆ ಅದು ಹಿಡಿಯಲಾರದಷ್ಟು ನೀರು ಕುಡಿದಿದೆ. ಬುಡ ಕಂದು ತಿರುಗಿ, ಕೋಲಿನಿಂದ ಒತ್ತಿದರೆ ಒಳಗೆ ಹೋಗುವಷ್ಟು ಮೆತ್ತಗಾಗಿದ್ದರೆ ಕೊಳೆತ ಶುರುವಾಗಿದೆ. ಎತ್ತರದ ಕಳ್ಳಿಯ ಬುಡ ಕೊಳೆತಿದ್ದರೆ ಅದರ ಎತ್ತರದ ಒಂದೂವರೆ ಪಟ್ಟು ದೂರ ನಿಲ್ಲಿ, ಮಕ್ಕಳನ್ನು ಆ ಕಡೆ ಬಿಡಬೇಡಿ. ತುಂಬಿನಿಂತ ದೊಡ್ಡ ಕಂಬಗಳ್ಳಿಯ ತೂಕ ಟನ್ನುಗಳಲ್ಲಿರುತ್ತದೆ. ಅದನ್ನು ಉರುಳಿಸುವುದು ಹಗ್ಗ, ಕ್ರೇನ್ ಇಟ್ಟುಕೊಂಡವರ ಕೆಲಸ.

ಸೋರಿಕೆ ಇದೆ ಎಂದು ತೀರ್ಮಾನಿಸುವ ಮುಂಚೆ ಅಗ್ಗದ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿ: ಹನಿ ನೀರಾವರಿಯ ಕೊಳವೆ ತೂತಾಗಿದೆಯೇ (ಬೇಸಿಗೆಯಲ್ಲಿ ಇಲಿ, ಅಳಿಲು ನೀರಿಗಾಗಿಯೇ ಕಚ್ಚುತ್ತವೆ), ಎ.ಸಿ.ಯ ನೀರು ಅಲ್ಲಿ ಬೀಳುತ್ತಿದೆಯೇ, ಟ್ಯಾಂಕ್ ತುಂಬಿ ಹರಿದದ್ದು ಅಲ್ಲಿ ನಿಂತಿದೆಯೇ.

ಅದಾದ ಮೇಲೆ ಯಾವ ನೀರು ಎಂದು ನೋಡಿ. ಸರಬರಾಜು ಪೈಪು ಹಗಲೂ ರಾತ್ರಿ ಒಂದೇ ಸಮ ಸೋರುತ್ತದೆ, ಕೆಸರಿಗೆ ವಾಸನೆ ಇರುವುದಿಲ್ಲ. ಮೋರಿ ಪೈಪು ಸೋರುವುದು ನೀವು ಬಳಸಿದಾಗ ಮಾತ್ರ. ಮಣ್ಣು ಕಪ್ಪಾಗಿ ನಾರುತ್ತದೆ, ಸ್ನಾನದ ಹೊತ್ತಿಗೆ ಒದ್ದೆ ಹೆಚ್ಚುತ್ತದೆ. ಅನುಮಾನವಿದ್ದರೆ ಬಚ್ಚಲಿಗೆ ಬಣ್ಣ ಕಲಸಿದ ಒಂದು ಬಕೆಟ್ ನೀರು ಸುರಿದು ಕಾಯಿರಿ.

ಜಾಗ ಗುರುತಿಸಲು ಅರ್ಧ ಇಂಚಿನ ಕಬ್ಬಿಣದ ಸರಳನ್ನು ಪೈಪಿನ ಹಾದಿಯಿಂದ ಒಂದು ಗೇಣು ಪಕ್ಕಕ್ಕೆ, 30 ಸೆಂ.ಮೀ. ಆಳಕ್ಕೆ, ಕೈಯಿಂದಷ್ಟೇ ಒತ್ತಿ. ಸುತ್ತಿಗೆ ಬೇಡ. ನೆಲದಡಿ ವಿದ್ಯುತ್ ಅಥವಾ ಗ್ಯಾಸ್ ಲೈನ್ ಇರುವ ಸಾಧ್ಯತೆ ಇದ್ದರೆ ಈ ಪರೀಕ್ಷೆಯನ್ನೇ ಬಿಟ್ಟುಬಿಡಿ. ತುದಿಗೆ ಕೆಸರು ಹತ್ತಿದ ಕಡೆಯಿಂದ ಒಣಮಣ್ಣು ಸಿಗುವ ಕಡೆಗೆ, ಮಾರಿಗೊಂದು ತೂತು ಮಾಡುತ್ತಾ ಹೋಗಿ. ನೀರು ಪೈಪ್ ಹೂಳಿದ ಕಾಲುವೆಯಲ್ಲೇ ಇಳಿಜಾರಿಗೆ ಹರಿದು ತಗ್ಗಿನಲ್ಲಿ ಮೇಲೇಳುತ್ತದೆ. ಹಾಗಾಗಿ ಕೆಸರು ಕಂಡ ಕಡೆ ಅಗೆದವರಿಗೆ ಎಷ್ಟೋ ಸಲ ಗಟ್ಟಿ ಪೈಪೇ ಸಿಗುತ್ತದೆ. ಒದ್ದೆಯ ಮೇಲ್ದಿಕ್ಕಿನ ಕೊನೆ ಎಲ್ಲಿದೆಯೋ ತೂತು ಅಲ್ಲೇ.

ನೆಲ ಕುಸಿದು ಪೊಳ್ಳಾಗಿದ್ದರೆ, ಗೋಡೆಗೆ ಹೊಸ ಬಿರುಕು ಬಂದಿದ್ದರೆ, ಒದ್ದೆ ಪಾಯದ ಕಡೆಗೆ ಹೋಗುತ್ತಿದ್ದರೆ ಇಲ್ಲಿಗೆ ನಿಲ್ಲಿಸಿ. ಮೇನ್ ವಾಲ್ವ್ ಮುಚ್ಚಿ ಪ್ಲಂಬರ್ ಜೊತೆಗೆ ಎಂಜಿನಿಯರನ್ನೂ ಕರೆಸಿ.

ಲಕ್ಷಣ: ಪೈಪ್ ಇರುವ ಜಾಗಕ್ಕೆ ಮುಳ್ಳುಕಂಟಿ ಅಡ್ಡ ಬಂದಿದೆ

ಮೊದಲು ಉದ್ದನೆಯ ಕೋಲಿನಿಂದ ಪೊದೆಗೆ ನಾಲ್ಕು ಬಡಿದು ಸ್ವಲ್ಪ ಹೊತ್ತು ದೂರ ನಿಲ್ಲಿ. ತಂಪು ಮತ್ತು ನೀರು ಒಟ್ಟಿಗಿರುವ ಕಡೆ ಹಾವು, ಚೇಳು ಇದ್ದೇ ಇರುತ್ತವೆ. ಮೀಟರ್ ಪೆಟ್ಟಿಗೆಯ ಮುಚ್ಚಳವನ್ನೂ ಕೋಲಿನಿಂದಲೇ ಎತ್ತಿ. ಕೆಲವು ದೇಶಗಳಲ್ಲಿ ಮರುಭೂಮಿ ಕಳ್ಳಿಗಳಿಗೆ ಕಾನೂನಿನ ರಕ್ಷಣೆ ಇದೆ, ನಿಮ್ಮ ಜಾಗದಲ್ಲೇ ಬೆಳೆದಿದ್ದರೂ ಕಡಿಯಲು ಅನುಮತಿ ಬೇಕಾಗಬಹುದು.

ಜಾಲಿಗೆ ಮೊಣಕೈವರೆಗಿನ ದಪ್ಪ ಚರ್ಮದ ಕೈಗವಸು, ಕನ್ನಡಕ, ಗಟ್ಟಿ ಅಡಿಯ ಬೂಟು ಬೇಕು. ಚಪ್ಪಲಿಯ ಅಡಿಯನ್ನು ಜಾಲಿಮುಳ್ಳು ಸಲೀಸಾಗಿ ದಾಟುತ್ತದೆ. ಹೊರಗಿನ ರೆಂಬೆಯಿಂದ ಒಳಕ್ಕೆ ಕಡಿಯುತ್ತಾ ಹೋಗಿ: ಕವೆಕೋಲಿನಿಂದ ರೆಂಬೆಯನ್ನು ಒತ್ತಿಹಿಡಿದು, ಬುಡದಲ್ಲಿ ಕಡಿದು, ಕವೆಯಿಂದಲೇ ಎಳೆದು ಟಾರ್ಪಾಲಿನ ಮೇಲೆ ಹಾಕಿ. ಕಡಿದ ಬುಡಗಳೆಲ್ಲ ಒಂದೇ ಕಡೆಗಿದ್ದರೆ ಹೊರೆ ಎಳೆಯುವುದು ಸುಲಭ.

ಪಾಪಾಸುಕಳ್ಳಿಗೆ ಈ ಉಪಾಯ ನಡೆಯುವುದಿಲ್ಲ. ಅದರ ದೊಡ್ಡ ಮುಳ್ಳಿಗಿಂತ ಕಾಟ ಕೊಡುವುದು ಕಣ್ಣಿಗೆ ಕಾಣದಂಥ ಸುಂಕುಮುಳ್ಳು. ತುದಿಯಲ್ಲಿ ಹಿಮ್ಮುಖದ ಕೊಕ್ಕೆ ಇರುವುದರಿಂದ ಅದು ಚರ್ಮದ ಕೈಗವಸಿನಲ್ಲಿ ಹೂತು ಅಲ್ಲೇ ಉಳಿಯುತ್ತದೆ, ಮುಂದೆ ಆ ಕೈಗವಸು ಹಾಕಿದಾಗಲೆಲ್ಲ ಚುಚ್ಚುತ್ತದೆ. ಉದ್ದನೆಯ ಇಕ್ಕಳದಲ್ಲಿ ಹಿಡಿದು, ಗೆಣ್ಣಿನಲ್ಲಿ ಕತ್ತರಿಸಿ, ಬಕೆಟ್ಟಿಗೆ ಹಾಕಿ. ಗಾಳಿ ಬೀಸುವಾಗ ಈ ಕೆಲಸ ಬೇಡ. ನೆಲಕ್ಕೆ ಬಿದ್ದ ಒಂದು ಹಪ್ಪಳವೂ (ಕಳ್ಳಿಯ ಚಪ್ಪಟೆ ತುಂಡು) ಬೇರುಬಿಟ್ಟು ಹೊಸ ಗಿಡವಾಗುತ್ತದೆ, ಆದ್ದರಿಂದ ಒಂದನ್ನೂ ಬಿಡದೆ ಆಯ್ದು ಕಾಂಕ್ರೀಟಿನ ಮೇಲೆ ಪೂರ್ತಿ ಒಣಗಿಸಿ.

ಹಾಲುಗಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ತೀವ್ರ ಉರಿ, ದೃಷ್ಟಿಗೂ ಅಪಾಯ. ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು, ನೋವು ಇಳಿದಂತೆ ಕಂಡರೂ ಆವತ್ತೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ನೀರು ನಿಲ್ಲಿಸಿ ಕೆಲಸ ಮಾಡುತ್ತಿರುತ್ತೀರಿ, ಹಾಗಾಗಿ ಎರಡು ಬಕೆಟ್ ಶುದ್ಧ ನೀರು ಪಕ್ಕದಲ್ಲಿ ಮೊದಲೇ ಇರಲಿ. ಕಡಿದ ಹಾಲುಗಳ್ಳಿಯನ್ನು ಸುಡಬೇಡಿ, ಹೊಗೆಯೂ ಕಣ್ಣು, ಗಂಟಲಿಗೆ ಉರಿ. ಕತ್ತಾಳೆಯ ರಸ ಮೈಗೆ ಸಿಡಿದರೆ ತುರಿಕೆ, ಬೊಕ್ಕೆ. ಗರಗಸದ ಯಂತ್ರ ಹಚ್ಚಿದರೆ ಸಿಡಿಯುವುದೇ ಹೆಚ್ಚು, ಕೈಗರಗಸ ಒಳ್ಳೆಯದು.

ಜಾಗ ಸಿಕ್ಕಿತು, ಪೈಪ್ ಸರಿಪಡಿಸಬೇಕು

ಪೈಪಿನ ಮೇಲಿನ ಕೊನೆಯ ಒಂದು ಗೇಣು ಮಣ್ಣನ್ನು ಹಾರೆ, ಪಿಕಾಸಿ ಬಿಟ್ಟು ಕೈಕರಣೆಯಿಂದ ತೆಗೆಯಿರಿ. ಗುಂಡಿ ಪೈಪಿಗಿಂತ 15 ಸೆಂ.ಮೀ. ಕೆಳಗೆ ಇಳಿಯಲಿ, ಇಲ್ಲದಿದ್ದರೆ ಗುಂಡಿಯ ಕೆಸರು ತೆರೆದ ಪೈಪಿನೊಳಗೆ ಹೋಗುತ್ತದೆ. ಪೈಪನ್ನು ಸುತ್ತಿಕೊಂಡ ಬೇರನ್ನು ಕಿತ್ತು ಎಳೆಯಬೇಡಿ, ಪಕ್ಕದ ಜಾಯಿಂಟೂ ಸಡಿಲಾಗುತ್ತದೆ. ಎರಡೂ ಕಡೆ ಗರಗಸದಿಂದ ಕೊಯ್ದು ಬಿಡಿಸಿ. 1.2 ಮೀಟರಿಗಿಂತ ಆಳ ಹೋಗಬೇಕಾದರೆ ಆಸರೆ ಕೊಡದ ಗುಂಡಿಗೆ ಇಳಿಯಬೇಡಿ. ಸೋರಿಕೆಯಿಂದ ನೆನೆದ ಮಣ್ಣು ಹೇಳದೆ ಕೇಳದೆ ಕುಸಿಯುತ್ತದೆ.

ಪಿವಿಸಿ ಪೈಪಾದರೆ ಒಡೆದ ಭಾಗವನ್ನು ಎರಡೂ ಬದಿಗೆ 5 ಸೆಂ.ಮೀ. ಹೆಚ್ಚಿಗೆ ಸೇರಿಸಿ ನೇರವಾಗಿ ಕತ್ತರಿಸಿ, ಅಂಚಿನ ಸಿಬಿರು ಕೆರೆದು, ಬಟ್ಟೆಯಿಂದ ಒಣಗಿಸಿ. ರಿಪೇರಿ ಕೆಡುವುದು ಇಲ್ಲೇ: ಒದ್ದೆಯ ಮೇಲೆ ಸಲ್ಯೂಷನ್ (ಪಿವಿಸಿ ಅಂಟು) ಹಿಡಿಯುವುದಿಲ್ಲ. ತಗ್ಗಿನ ನಲ್ಲಿ ತೆರೆದು ಲೈನನ್ನು ಪೂರ್ತಿ ಬಸಿಯಿರಿ. ಪೈಪ್ ಮತ್ತು ಕಪ್ಲಿಂಗ್ (ಜೋಡಣೆಯ ತುಂಡು) ಎರಡಕ್ಕೂ ಸಲ್ಯೂಷನ್ ಬಳಿದು, ಒಳಗೆ ತಳ್ಳುತ್ತಾ ಕಾಲು ಸುತ್ತು ತಿರುಗಿಸಿ, 30 ಸೆಕೆಂಡ್ ಒತ್ತಿಹಿಡಿಯಿರಿ. ಬಿಟ್ಟ ತಕ್ಷಣ ಪೈಪ್ ಹಿಂದಕ್ಕೆ ಜಾರುವುದುಂಟು. ಬಿಸಿನೀರಿನ ಸಿಪಿವಿಸಿಗೆ ಅದರದೇ ಸಲ್ಯೂಷನ್ ಬೇಕು, ಪಿವಿಸಿಯದ್ದು ಹಾಕಿದರೆ ಇಂದಲ್ಲ ನಾಳೆ ಬಿಡುತ್ತದೆ. 24 ಗಂಟೆ ಬಿಟ್ಟು ನೀರು ಕೊಡಿ, ಗುಂಡಿ ತೆರೆದಿರುವಾಗಲೇ ಒಂದೆರಡು ಗಂಟೆ ಜಾಯಿಂಟ್ ನೋಡಿ. ಆಮೇಲೆ ಪೈಪಿನ ಅಡಿಗೂ ಸುತ್ತಲೂ 10 ಸೆಂ.ಮೀ. ಮರಳು ತುಂಬಿ ಮುಚ್ಚಿ. ತುಕ್ಕುಹಿಡಿದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ರಬ್ಬರ್ ಇಟ್ಟು ಕ್ಲ್ಯಾಂಪ್ ಹಾಕುವುದು ತಾತ್ಕಾಲಿಕ. ಒಂದು ಕಡೆ ತೂತು ಬಿದ್ದ ಜಿಐ ಪೈಪು ಇನ್ನೂ ಹತ್ತು ಕಡೆ ತೆಳುವಾಗಿರುತ್ತದೆ, ಆ ಭಾಗವನ್ನೇ ಬದಲಿಸಿ.

ಜಾಲಿಯ ಬುಡವನ್ನು ನೆಲಮಟ್ಟಕ್ಕೆ ಕಡಿದರೆ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ಚಿಗುರುವ ಮೊಗ್ಗುಗಳಿರುವುದು ನೆಲದಡಿಯ ಬುಡದಲ್ಲಿ. ಹೇಗೂ ಗುಂಡಿ ತೋಡಿದ್ದೀರಿ, ಒಂದು ಅಡಿ ಕೆಳಗೆ ಕೊಯ್ದು ಬುಡವನ್ನೇ ಎತ್ತಿಬಿಡಿ.

ಲಕ್ಷಣ: ನೀರು ನಿಧಾನ ಇಳಿಯುತ್ತಿದೆ, ಗುಳುಗುಳು ಸದ್ದು ಬರುತ್ತಿದೆ

ಒಂದೇ ಸಿಂಕ್ ನಿಂತಿದ್ದರೆ ಅಡಚಣೆ ಅಲ್ಲೇ ಇದೆ. ಜಾಲರಿಯ ಕೂದಲು ತೆಗೆಯಿರಿ, ಓವರ್‌ಫ್ಲೋ ತೂತಿಗೆ ಒದ್ದೆಬಟ್ಟೆ ತುರುಕಿ ರಬ್ಬರ್ ಪಂಪಿನಿಂದ ಹದಿನೈದು ಇಪ್ಪತ್ತು ಸಲ ಒತ್ತಿ. ಹೋಗದಿದ್ದರೆ ಕೆಳಗೆ ಬಕೆಟ್ ಇಟ್ಟು ಟ್ರ್ಯಾಪ್ (ನೀರು ನಿಲ್ಲುವ ಬಾಗಿದ ಪೈಪು) ಬಿಚ್ಚಿ ತೊಳೆಯಿರಿ. ಆ್ಯಸಿಡ್, ಕಾಸ್ಟಿಕ್ ಸುರಿಯುವ ಚಟ ಬೇಡ. ನಿಂತ ನೀರಿನಲ್ಲಿ ಅದು ಅಲ್ಲೇ ಉಳಿದು, ಆಮೇಲೆ ಪೈಪ್ ಬಿಚ್ಚುವವರ ಮುಖಕ್ಕೆ ಸಿಡಿಯುತ್ತದೆ. ಆ್ಯಸಿಡ್ ಮತ್ತು ಬ್ಲೀಚಿಂಗ್ ಸೇರಿದರೆ ವಿಷಾನಿಲ ಏಳುತ್ತದೆ.

ಫ್ಲಶ್ ಮಾಡಿದಾಗ ಬಚ್ಚಲಿನಲ್ಲಿ ಗುಳುಗುಳು ಎಂದರೆ, ಮನೆಯ ಅತಿ ತಗ್ಗಿನ ಜಾಲರಿಯಲ್ಲಿ ನೀರು ಮೇಲೆದ್ದರೆ, ಅಡಚಣೆ ಹೊರಗಿನ ದೊಡ್ಡ ಪೈಪಿನಲ್ಲಿ. ಚೇಂಬರಿನ (ಮೋರಿ ಪೈಪಿನ ಹಾದಿಯಲ್ಲಿ ಅಲ್ಲಲ್ಲಿ ಕಟ್ಟಿದ ತಪಾಸಣೆ ಗುಂಡಿ) ಮುಚ್ಚಳ ತೆಗೆದು ಒಂದು ಬಕೆಟ್ ನೀರು ಬಿಡಿಸಿ ನೋಡಿ. ಚೇಂಬರ್ ತುಂಬಿದ್ದರೆ ಅಡಚಣೆ ಮುಂದೆ, ಖಾಲಿಯಿದ್ದರೆ ಮನೆಯ ಕಡೆ. ಹೀಗೆ ಒಂದೊಂದೇ ಚೇಂಬರ್ ನೋಡುತ್ತಾ ಹೋದರೆ ತುಂಬಿದ್ದಕ್ಕೂ ಖಾಲಿಯಿದ್ದಕ್ಕೂ ನಡುವೆ ದೋಷ ಸಿಕ್ಕಿಬೀಳುತ್ತದೆ. ಚೇಂಬರಿಗಾಗಲಿ ಸೆಪ್ಟಿಕ್ ಟ್ಯಾಂಕಿಗಾಗಲಿ ಯಾರೂ ಇಳಿಯಬಾರದು, ತಲೆಯನ್ನೂ ಬಗ್ಗಿಸಬಾರದು. ಒಳಗಿನ ಅನಿಲ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸುತ್ತದೆ, ಕಾಪಾಡಲು ಇಳಿದವರೂ ಉಳಿಯುವುದಿಲ್ಲ.

ಅಡಚಣೆ ತೆಗೆಯುವ ಉದ್ದನೆಯ ಸ್ಪ್ರಿಂಗ್ ತಂತಿಯನ್ನು ಪೈಪಿಗೆ ಹಾಕಿ ಎಳೆದಾಗ ತುದಿಯನ್ನು ಗಮನಿಸಿ. ಜಿಡ್ಡು, ಬಟ್ಟೆ ಬಂದರೆ ಬಳಕೆಯ ದೋಷ. ಕಂದು ಬಣ್ಣದ, ಕೂದಲಿನಂಥ ನಾರು ಬಂದರೆ ಬೇರು. ಮಣ್ಣು, ಜಲ್ಲಿ ಬಂದರೆ ಪೈಪ್ ಕುಸಿದಿದೆ, ಸ್ಪ್ರಿಂಗ್ ನಿಲ್ಲಿಸಿ. ಚಿಕ್ಕ ಚಿಕ್ಕ ತುಂಡುಗಳನ್ನು ಸಿಮೆಂಟಿನಿಂದ ಜೋಡಿಸಿದ ಹಳೆಯ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪಿನಲ್ಲಿ ಜಾಯಿಂಟುಗಳೇ ಹೆಚ್ಚು, ಬೇರಿಗೆ ಬಾಗಿಲೂ ಹೆಚ್ಚು. ಬ್ಲೇಡ್ ತಲೆಯ ಯಂತ್ರದಿಂದ ಬೇರು ಕತ್ತರಿಸಿದರೆ ನೀರು ಹೋಗುತ್ತದೆ, ಆದರೆ ಬಾಗಿಲು ತೆರೆದೇ ಇರುತ್ತದೆ. ಕ್ಯಾಮೆರಾ ಬಿಟ್ಟು ಜಾಗ ನೋಡಿ, ಆ ಭಾಗಕ್ಕೆ ಪಿವಿಸಿ ಹಾಕಿಸುವುದೇ ಸರಿ. 4 ಇಂಚಿನ ಪೈಪಿಗೆ 40ರಿಂದ 60 ಅಡಿಗೆ ಒಂದಡಿ ಇಳಿಜಾರು ಇರಲಿ. ಬೇರು ಸಾಯಿಸಲು ಮೈಲುತುತ್ತ ಸುರಿಯುವವರಿದ್ದಾರೆ. ಅದು ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ನೀರಿನ ಜೀವಿಗಳಿಗೂ ವಿಷ.

ನೀರು ಸರಿಯಾಗಿ ಹೋಗುತ್ತಿದ್ದೂ ವಾಸನೆ ಮಾತ್ರ ಬಂದರೆ ಅಷ್ಟೆಲ್ಲ ಬೇಕಿಲ್ಲ. ಬಳಸದ ಬಚ್ಚಲಿನ ಟ್ರ್ಯಾಪಿನಲ್ಲಿ ನಿಲ್ಲಬೇಕಾದ ಸುಮಾರು 5 ಸೆಂ.ಮೀ. ನೀರು ಒಣಹವೆಗೆ ಆರಿಹೋಗಿದೆ. ಒಂದು ಚೊಂಬು ನೀರು, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಹಾಕಿ, ಎಣ್ಣೆಯ ಪದರ ನೀರು ಆರುವುದನ್ನು ನಿಧಾನಿಸುತ್ತದೆ.

ಲಕ್ಷಣ: ಚುಚ್ಚಿದ ಮುಳ್ಳು ಬರುತ್ತಿಲ್ಲ, ಅಥವಾ ಬಂದ ಮೇಲೂ ನೋವು

ಸುಂಕುಮುಳ್ಳು ಹತ್ತಿದಾಗ ಉಜ್ಜಬೇಡಿ, ಬಾಯಿಂದ ಕಚ್ಚಿ ಎಳೆಯಬೇಡಿ. ಬೆಳಕಿಗೆ ಹಿಡಿದು ಕಂಡಷ್ಟನ್ನು ಚಿಮಟದಿಂದ ತೆಗೆಯಿರಿ. ಉಳಿದದ್ದಕ್ಕೆ ಬಿಳಿ ಅಂಟನ್ನು ತೆಳುವಾಗಿ ಹಚ್ಚಿ, ಮೇಲೆ ಗಾಜ್ ಬಟ್ಟೆ (ಗಾಯಕ್ಕೆ ಕಟ್ಟುವ ಜಾಳು ಬಟ್ಟೆ) ಒತ್ತಿ, ಪೂರ್ತಿ ಒಣಗಿದ ಮೇಲೆ ಸುಲಿಯಿರಿ. ಎರಡು ಮೂರು ಸಲ ಮಾಡಬೇಕಾದೀತು. ಸೂಪರ್ ಗ್ಲೂ ಹಾಕಬೇಡಿ, ಮುಳ್ಳು ಒಳಗೇ ಸೀಲ್ ಆಗುತ್ತದೆ. ಕಳ್ಳಿಯ ತುಂಡೇ ಅಂಟಿಕೊಂಡಿದ್ದರೆ ಬಾಚಣಿಗೆಯನ್ನು ಚರ್ಮಕ್ಕೂ ಅದಕ್ಕೂ ನಡುವೆ ತೂರಿಸಿ ದೂರಕ್ಕೆ ಚಿಮ್ಮಿಸಿ.

ಜಾಲಿಮುಳ್ಳನ್ನು ಚುಚ್ಚಿದ ಕೋನದಲ್ಲೇ ನೇರ ಎಳೆಯಿರಿ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವುದು ಗಾದೆಗಿರಲಿ. ಸೂಜಿಯನ್ನು ಕುದಿಸಿ ಅಥವಾ ಸ್ಪಿರಿಟ್ಟಿನಲ್ಲಿ ಒರೆಸಿ ಬಳಸಿ, ಸೋಪು ನೀರಿನಿಂದ ತೊಳೆಯಿರಿ. ಕೊಳಚೆ ಮಣ್ಣಿನಲ್ಲಿ ಕೆಲಸ ಮಾಡುವಾಗ ಚುಚ್ಚಿದ್ದರೆ, ಟೆಟನಸ್ ಚುಚ್ಚುಮದ್ದು ತೆಗೆದುಕೊಂಡು 5 ವರ್ಷ ದಾಟಿದ್ದರೆ ಮತ್ತೆ ಬೇಕೇ ಎಂದು ವೈದ್ಯರನ್ನು ಕೇಳಿ.

ಕೆಂಪು, ಬಾವು ಹರಡುತ್ತಿದ್ದರೆ, ಕೀವು ಅಥವಾ ಜ್ವರ ಬಂದರೆ ಕಾಯಬೇಡಿ. ಮುಳ್ಳು ಬೆರಳಿನ ಗೆಣ್ಣಿಗೋ ಮಂಡಿಗೋ ಚುಚ್ಚಿ, ವಾರಗಳ ಮೇಲೂ ಆ ಕೀಲು ಊದಿ ಬಿಗಿಯಾಗಿದ್ದರೆ ಒಳಗೆ ಚೂರು ಉಳಿದಿರುವ ಸಾಧ್ಯತೆ ಹೆಚ್ಚು. ಕೈಯುದ್ದಕ್ಕೂ ಸಾಲಾಗಿ ಗಂಟುಗಳು ಎದ್ದರೆ ಶಿಲೀಂಧ್ರದ ಸೋಂಕು ಇರಬಹುದು. ವೈದ್ಯರಿಗೆ ಮುಳ್ಳು ಚುಚ್ಚಿದ್ದ ವಿಷಯವನ್ನು, ಯಾವ ಗಿಡದ್ದು ಎಂಬುದನ್ನು ತಪ್ಪದೆ ಹೇಳಿ. ಗಿಡದ ಮುಳ್ಳು ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಹುಡುಕಲು ಅಲ್ಟ್ರಾಸೌಂಡ್ ಬೇಕಾಗುತ್ತದೆ.